ಚಳಿಗಾಲ ಬಂತು, ಹುಡುಗರ ಕಾಲು ನೋಡಿ



ನವೆಂಬರ್ ಮುಗಿಯುತ್ತಿದ್ದಂತೆ ದೆಹಲಿಯಲ್ಲಿರುವ ನಾವೆಲ್ಲ ಪೆಟ್ಟಿಗೆಯಿಂದ ಸ್ವೆಟರ್, ಮಫ್ಲರ್, ರಜಾಯಿ ಹೊರಗೆ ತೆಗೆಯುತ್ತೇವೆ. ಗಲ್ಲಾದ ಕೆಳಗೆ ಹೀಟರ್ ಬರುತ್ತದೆ. ಹುಡುಗರಿಗೂ ಸ್ವೆಟರ್ ಕೊಡಿಸುವ ಮಾಲೀಕರು ನಮ್ಮಲ್ಲಿ ಬಹಳ ಇದ್ದಾರೆ, ಸಂತೋಷ. ಆದರೆ ಒಳಗೆ ಹೋಗಿ ನೋಡಿ. ಪಾತ್ರೆ ತೊಳೆಯುವ ಹುಡುಗನ ಕಾಲಲ್ಲಿ ಬೇಸಿಗೆಯಲ್ಲಿದ್ದ ಅದೇ ಹವಾಯಿ ಚಪ್ಪಲಿ, ಅಡಿಯಲ್ಲಿ ಅದೇ ಒದ್ದೆ ನೆಲ. ಮೈಗೆ ಉಣ್ಣೆ, ಕಾಲಿಗೆ ತಣ್ಣೀರು.

ಇಲ್ಲಿಯ ಚಳಿ ಸಾಮಾನ್ಯದ್ದಲ್ಲ. 2006ರ ಜನವರಿ 8ರಂದು ಸಫ್ದರ್‌ಜಂಗ್‌ನಲ್ಲಿ 0.2 ಡಿಗ್ರಿಗೆ ಇಳಿದಿತ್ತು. 2019ರ ಡಿಸೆಂಬರ್ 30ರಂದು ಹಗಲಿನ ಗರಿಷ್ಠ ಉಷ್ಣಾಂಶವೇ 9.4 ಡಿಗ್ರಿ. ಉಡುಪಿ, ಕುಂದಾಪುರ ಕಡೆಯಿಂದ ಹೊಸದಾಗಿ ಬಂದ ಹುಡುಗನಿಗೆ ಬಾಟಲಿಯಲ್ಲಿ ತೆಂಗಿನೆಣ್ಣೆ ಕಲ್ಲಾದದ್ದನ್ನು ಕಂಡಾಗಲೇ ಚಳಿ ಎಂದರೆ ಏನೆಂದು ಗೊತ್ತಾಗುವುದು. ಕಾಲ್ಚೀಲ ಹಾಕಿ ಅಭ್ಯಾಸ ಅವನಿಗೆ ಎಲ್ಲಿಂದ ಬರಬೇಕು?

ಚಳಿಯಾದಾಗ ಶರೀರವು ಹೊಟ್ಟೆ, ಎದೆಯನ್ನು ಬೆಚ್ಚಗಿಡಲು ಕೈಕಾಲಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಅದರ ಮೇಲೆ ಒದ್ದೆಯೂ ಸೇರಿದರೆ ಕಾಲಿನ ಶಾಖ ಬೇಗ ಬೇಗ ಹೊರಟುಹೋಗುತ್ತದೆ. ಬೆರಳು ಕೆಂಪಗೆ, ನೀಲಿಯಾಗಿ ಊದಿಕೊಂಡು ತುರಿಸುತ್ತದೆ, ಉರಿಯುತ್ತದೆ. ಡಾಕ್ಟರರು ಇದಕ್ಕೆ ಚಿಲ್‌ಬ್ಲೇನ್ ಎನ್ನುತ್ತಾರೆ. ಇದಕ್ಕೆ ಹಿಮ ಬೀಳಬೇಕೆಂದಿಲ್ಲ, ದೆಹಲಿಯಂಥ ಚಳಿ ಮತ್ತು ಒದ್ದೆ ಸಾಕು. ಬೆರಳ ಸಂದಿಯಲ್ಲಿ ಚರ್ಮ ಬೆಳ್ಳಗೆ ಕೊಳೆತಂತಾಗುವುದು, ಹಿಮ್ಮಡಿ ಒಡೆದು ರಕ್ತ ಬರುವುದು ಬೇರೆ. ಅಂಥ ಕಾಲಲ್ಲಿ ಹತ್ತು ಗಂಟೆ ನಿಂತು ಕೆಲಸ ಮಾಡುವವನು ಗಿರಾಕಿಯ ಮುಂದೆ ನಗುವುದು ಹೇಗೆ?

ಇದು ಹುಡುಗರ ಸ್ವಂತ ವಿಷಯ, ಚಪ್ಪಲಿ ಶೂ ಅವರೇ ಕೊಳ್ಳಲಿ ಎನ್ನುವವರು ನಮ್ಮಲ್ಲಿ ಇದ್ದಾರೆ. ನಾವು ಇದನ್ನು ಒಪ್ಪುವುದಿಲ್ಲ. ಕಾಲನ್ನು ಹೆಚ್ಚು ಕೆಡಿಸುವುದು ಒದ್ದೆ. ಆ ಒದ್ದೆ ನಮ್ಮ ಅಡಿಗೆಮನೆಯದು, ಅವನ ಮನೆಯದಲ್ಲ. ಕಾನೂನೂ ಇದನ್ನೇ ಹೇಳುತ್ತದೆ. ಆಹಾರ ಸುರಕ್ಷತೆಯ 2011ರ ಲೈಸೆನ್ಸ್ ನಿಯಮಗಳ ನಾಲ್ಕನೇ ಶೆಡ್ಯೂಲಿನಲ್ಲಿ ಕೆಲಸಗಾರರಿಗೆ ಶುಚಿಯಾದ ಬಟ್ಟೆ, ತಲೆಗೆ ಟೊಪ್ಪಿ, ಕೈಗವಸಿನ ಜೊತೆಗೆ ಪಾದರಕ್ಷೆಯನ್ನೂ ಮಾಲೀಕನೇ ಒದಗಿಸಬೇಕೆಂದಿದೆ. ಇನ್ಸ್‌ಪೆಕ್ಟರ್ ಬರುತ್ತಾನೆಂದು ಟೊಪ್ಪಿ ಕೊಡುತ್ತೇವೆ, ಶೂ ಮಾತ್ರ ಮರೆಯುತ್ತೇವೆ.

ಶೂ ಕೊಟ್ಟರೆ ಅದನ್ನೇ ಹಾಕಿಕೊಂಡು ಊರಿಗೆ ಹೋಗುತ್ತಾರೆ ಎಂಬುದು ಇನ್ನೊಂದು ಮಾತು. ಹೋಗಲಿ ಬಿಡಿ. ಒಂದು ಜೊತೆ ಶೂವಿಗೆ ಆಗುವುದು ಕೆಲವು ನೂರು ರೂಪಾಯಿ. ಜನವರಿಯ ಮದುವೆ ಆರ್ಡರಿನ ಹೊತ್ತಿನಲ್ಲಿ ಒಬ್ಬ ಒಳ್ಳೆಯ ಭಟ್ಟರು ಕಾಲು ಊದಿ ಹತ್ತು ದಿನ ಮಲಗಿದರೆ ಆಗುವ ನಷ್ಟವನ್ನು ಲೆಕ್ಕ ಹಾಕಿ ನೋಡಿ.

ಹಾಗಾದರೆ ಏನು ಮಾಡಬೇಕು? ನಮ್ಮ ಹೋಟೆಲಿನಲ್ಲಿ ನಡೆಸಿಕೊಂಡು ಬಂದಿರುವುದನ್ನು ಹೇಳುತ್ತೇವೆ. ಪಾತ್ರೆ ತೊಳೆಯುವವರಿಗೆ ಗಮ್ ಬೂಟ್, ಅಡಿಗೆಯವರಿಗೆ ಮತ್ತು ಸಪ್ಲೈಯರ್‌ಗಳಿಗೆ ಜಾರದ ಅಟ್ಟೆಯ ಮುಚ್ಚಿದ ಶೂ. ಎರಡು ಜೊತೆ ಇದ್ದರೆ ಉತ್ತಮ, ಒಂದು ಒಣಗುವಾಗ ಇನ್ನೊಂದು. ಉಣ್ಣೆಯ ಕಾಲ್ಚೀಲ ಮೂರು ಜೊತೆ. ಹತ್ತಿಯದು ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಬಿಗಿಯಾದ ಕಾಲ್ಚೀಲ ಬೇಡ, ರಕ್ತ ಓಡುವುದಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಕಾಲು ಒರೆಸಿ ಕಾಲ್ಚೀಲ ಬದಲಿಸಬೇಕು. ತೊಳೆಯುವ ಕಡೆ ಗೀಸರ್ ನೀರು ಬರಲಿ. ನೆಲಕ್ಕೆ ಗಂಟೆಗೊಮ್ಮೆ ವೈಪರ್ ಬೀಳಲಿ. ರಾತ್ರಿ ಕಾಲು ತೊಳೆದು, ಬೆರಳ ಸಂದಿ ಚೆನ್ನಾಗಿ ಒರೆಸಿ, ಹಿಮ್ಮಡಿಗೆ ವ್ಯಾಸಲೀನ್ ಹಚ್ಚಿ ಮಲಗಲಿ. ಒಡೆದ ಹಿಮ್ಮಡಿಯನ್ನು ಬ್ಲೇಡಿನಿಂದ ಕೆರೆಯಲು ಬಿಡಬೇಡಿ.

ತಣ್ಣಗಾದ ಕಾಲನ್ನು ಒಲೆಯ ಹತ್ತಿರ ಹಿಡಿಯುವುದು, ಕುದಿಯುವಂಥ ನೀರಿನಲ್ಲಿ ಅದ್ದುವುದು ಹುಡುಗರ ಅಭ್ಯಾಸ. ಇದರಿಂದ ಊತ, ಉರಿ ಹೆಚ್ಚಾಗುತ್ತದೆ. ಒಣಬಟ್ಟೆ ಸುತ್ತಿ ನಿಧಾನವಾಗಿ ಬೆಚ್ಚಗಾಗಲು ಬಿಡಬೇಕು. ಇದಕ್ಕಿಂತ ದೊಡ್ಡ ಅಪಾಯ ಇದ್ದಿಲಿನ ಅಂಗೀಠಿ. ಕಾಲು ಬೆಚ್ಚಗಿರಲೆಂದು ಕೆಂಡವನ್ನು ಕೋಣೆಯೊಳಗೆ ಇಟ್ಟು, ಕಿಟಕಿ ಬಾಗಿಲು ಮುಚ್ಚಿ ಮಲಗಿದವರು ಬೆಳಿಗ್ಗೆ ಏಳದೇ ಹೋದ ಸುದ್ದಿ ಈ ಊರಿನ ಪತ್ರಿಕೆಗಳಲ್ಲಿ ಚಳಿಗಾಲ ಬಂತೆಂದರೆ ಬರುತ್ತಲೇ ಇರುತ್ತದೆ. ಕೆಂಡದಿಂದ ಏಳುವ ಆ ವಿಷಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಹುಡುಗರು ಮಲಗುವ ಕೋಣೆಯನ್ನು ಮಾಲೀಕರೇ ಒಮ್ಮೆ ರಾತ್ರಿ ಹೋಗಿ ನೋಡಬೇಕು. ಬೆಚ್ಚಗಿನ ಕಾಲ್ಚೀಲ, ದಪ್ಪ ರಜಾಯಿ ಕೊಟ್ಟರೆ ಅಂಗೀಠಿ ಒಳಗೆ ಬರುವುದಿಲ್ಲ.

ಇನ್ನು ನಮ್ಮ ಮಾತು. ಐವತ್ತು ದಾಟಿದ ಮಾಲೀಕರಲ್ಲಿ ಸಕ್ಕರೆ ಕಾಯಿಲೆಯವರು ಎಷ್ಟು ಮಂದಿ ಎಂದು ಸಭೆಯಲ್ಲಿ ಸಕ್ಕರೆಯಿಲ್ಲದ ಕಾಫಿ ಕೇಳುವವರನ್ನು ಎಣಿಸಿದರೆ ಸಾಕು. ಸಕ್ಕರೆ ಕಾಯಿಲೆ ಹಳತಾದಂತೆ ಕಾಲಿನ ಸ್ಪರ್ಶ ಹೋಗುತ್ತದೆ. ಗಲ್ಲಾದ ಕೆಳಗಿನ ಹೀಟರಿಗೆ ಕಾಲು ಸುಟ್ಟರೂ ತಿಳಿಯುವುದಿಲ್ಲ. ಸಣ್ಣ ಬೊಕ್ಕೆ ಗಾಯವಾಗಿ, ಗಾಯ ಕೊಳೆತು, ಬೆರಳು ತೆಗೆಯುವವರೆಗೆ ಹೋಗುತ್ತದೆ. ಅಂಥವರು ಹೀಟರ್ ದೂರ ಇಡಿ. ಬಿಸಿನೀರನ್ನು ಮೊದಲು ಮೊಣಕೈಯಿಂದ ಮುಟ್ಟಿ ನೋಡಿ. ದಿನಕ್ಕೊಮ್ಮೆ ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳಿ, ಬಗ್ಗಲಾಗದಿದ್ದರೆ ಮನೆಯವರಿಗೆ ತೋರಿಸಿ. ಗಾಯ ಕಂಡರೆ ಅರಿಶಿನ ಹಚ್ಚಿ ಕೂರದೆ ಡಾಕ್ಟರರ ಹತ್ತಿರ ಹೋಗಿ. ಬೀಡಿ ಸಿಗರೇಟು ಸೇದುವವರು ಬಿಡಿ, ಅದು ರಕ್ತನಾಳವನ್ನು ಇನ್ನಷ್ಟು ಕಿರಿದು ಮಾಡುತ್ತದೆ.

ನಮ್ಮದೊಂದು ಸಲಹೆ. ಸಂಘದ ಮುಂದಿನ ಸಭೆಯಲ್ಲಿ ಸದಸ್ಯರೆಲ್ಲ ತಮ್ಮ ಹುಡುಗರ ಕಾಲಿನ ಅಳತೆ ತಂದರೆ, ಬಲ್ಲಿಮಾರಾನ್‌ನ ಹೋಲ್‌ಸೇಲ್ ಅಂಗಡಿಗಳಿಂದ ಒಟ್ಟಿಗೆ ಶೂ ತರಿಸಬಹುದು. ಒಬ್ಬೊಬ್ಬರೇ ಕೊಳ್ಳುವುದಕ್ಕಿಂತ ಅಗ್ಗವಾಗುತ್ತದೆ. ಚಳಿ ಜೋರಾಗುವ ಮೊದಲೇ, ಡಿಸೆಂಬರ್ ಮೊದಲ ವಾರದೊಳಗೆ ಈ ಕೆಲಸ ಆಗಲಿ ಎಂದು ಎಲ್ಲ ಬಂಧುಗಳಲ್ಲಿ ನಮ್ಮ ವಿನಂತಿ.