ವಿಚಾರಿಸುವವರು ಮತ್ತು ಕೋರುವವರು: ‘ಎನ್‌ಕ್ವೈರ್’ ಕ್ರಿಯಾಪದದ ಕನ್ನಡ ರೂಪಗಳು

ಕರ್ನಾಟಕದ ದೊಡ್ಡ ರೈಲು ನಿಲ್ದಾಣಗಳಲ್ಲಿ ಒಂದು ಕಿಟಕಿಯ ಮೇಲೆ ಮೂರು ಭಾಷೆಗಳ ಫಲಕವಿರುತ್ತದೆ. ಇಂಗ್ಲಿಷಿನಲ್ಲಿ ‘ಎನ್‌ಕ್ವೈರಿ’, ಹಿಂದಿಯಲ್ಲಿ ‘ಪೂಛ್‌ತಾಛ್’, ಕನ್ನಡದಲ್ಲಿ ‘ವಿಚಾರಣೆ’. ರೈಲು ಎಷ್ಟು ಹೊತ್ತಿಗೆ ಬರುತ್ತದೆಂದು ತಿಳಿಯಬಯಸುವ ಪ್ರಯಾಣಿಕ ಈ ಕಿಟಕಿಯ ಮುಂದೆ ನಿಲ್ಲುತ್ತಾನೆ. ಅವನ ಕೈಯಲ್ಲಿರುವ ದಿನಪತ್ರಿಕೆಯಲ್ಲಿ ಅದೇ ಪದ ಬೇರೆ ಬೇರೆ ಕಡೆ ಅಚ್ಚಾಗಿರುತ್ತದೆ. ಪೊಲೀಸರು ಒಬ್ಬನನ್ನು ವಿಚಾರಣೆಗೆ ಕರೆಸಿದ್ದಾರೆ, ನ್ಯಾಯಾಲಯ ಅರ್ಜಿಯೊಂದರ ವಿಚಾರಣೆಯನ್ನು ಮುಂದೂಡಿದೆ, ನೌಕರನೊಬ್ಬನ ಮೇಲೆ ಇಲಾಖಾ ವಿಚಾರಣೆ ನಡೆದಿದೆ, ವಿಚಾರಣಾಧೀನ ಕೈದಿಯೊಬ್ಬನಿಗೆ ಜಾಮೀನು ದೊರೆತಿದೆ. ರೈಲಿನ ವೇಳೆಯನ್ನು ಕೇಳುವುದಕ್ಕೂ ಸೆರೆಮನೆಯಲ್ಲಿ ತೀರ್ಪಿಗಾಗಿ ಕಾಯುವುದಕ್ಕೂ ಒಂದೇ ಪದ ಸಲ್ಲುತ್ತಿದೆ. ಇದನ್ನು ಕೇವಲ ಪದಕೋಶದ ಬಡತನವೆಂದು ಬದಿಗೆ ಸರಿಸುವಂತಿಲ್ಲ. ಮಾಹಿತಿಯನ್ನು ಕೇಳುವ ಕ್ರಿಯೆಯನ್ನು ಆಧುನಿಕ ಕನ್ನಡ ಯಾರಿಗೆ, ಯಾವ ರೂಪದಲ್ಲಿ ಹಂಚಿಕೊಟ್ಟಿದೆ ಎಂಬ ಪ್ರಶ್ನೆ ಇದರ ಹಿಂದಿದೆ.

ಮೊದಲು ಇಂಗ್ಲಿಷ್ ಪದದ ಸ್ಥಿತಿಯನ್ನು ಗಮನಿಸಬೇಕು. ‘ಎನ್‌ಕ್ವೈರ್’, ‘ಇನ್‌ಕ್ವೈರ್’ ಎಂಬ ಎರಡು ರೂಪಗಳಿಗೂ ಮೂಲ ಒಂದೇ. ಹುಡುಕು, ಅರಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ಈ ಪದ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. ‘ಎನ್’ ಎಂಬುದು ಫ್ರೆಂಚ್ ದಾರಿಯ ಗುರುತು. ‘ಇನ್’ ಎಂಬುದು ಲ್ಯಾಟಿನ್ನಿನ ನೆನಪಿನಲ್ಲಿ ತಿದ್ದಿಕೊಂಡ ರೂಪ. ಕಾಲಕ್ರಮದಲ್ಲಿ ಬ್ರಿಟಿಷ್ ಬಳಕೆ ಇವೆರಡರ ನಡುವೆ ಒಂದು ವ್ಯತ್ಯಾಸವನ್ನು ಕಲ್ಪಿಸಿಕೊಂಡಿತು. ಸಾಮಾನ್ಯವಾಗಿ ತಿಳಿಯಲು ಕೇಳುವುದು ‘ಎನ್‌ಕ್ವೈರ್’, ಅಧಿಕೃತವಾಗಿ ಶೋಧಿಸುವುದು ‘ಇನ್‌ಕ್ವೈರ್’. ಅಮೆರಿಕನ್ ಬಳಕೆಯಲ್ಲಿ ಈ ಭೇದ ನಿಲ್ಲಲಿಲ್ಲ. ಅಲ್ಲಿ ಎರಡಕ್ಕೂ ‘ಇನ್‌ಕ್ವೈರ್’ ರೂಪವೇ ರೂಢಿ. ಭಾರತದ ಶಾಸನಗಳು ೧೮೫೦ರ ಸರ್ಕಾರಿ ನೌಕರರ ವಿಚಾರಣೆಗಳ ಅಧಿನಿಯಮದಿಂದ ೧೯೫೨ರ ವಿಚಾರಣಾ ಆಯೋಗಗಳ ಅಧಿನಿಯಮದವರೆಗೆ ‘ಇನ್‌ಕ್ವೈರಿ’ ಎಂದೇ ಬರೆದವು. ಆದರೆ ಕಾರ್ಖಾನೆಗಳ ಶಿಸ್ತುಕ್ರಮದ ಸಂದರ್ಭದಲ್ಲಿ ‘ಡೊಮೆಸ್ಟಿಕ್ ಎನ್‌ಕ್ವೈರಿ’ ಎಂಬ ಬರಹವೂ ಬಳಕೆಯಲ್ಲಿದೆ. ಇಂಗ್ಲಿಷಿನಲ್ಲೂ ಗೆರೆ ಸ್ಪಷ್ಟವಾಗಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಇಂಗ್ಲಿಷಿನ ‘ಆಸ್ಕ್’ ಮನೆಯ ಪದ, ‘ಎನ್‌ಕ್ವೈರ್’ ಹೊರಗಿನಿಂದ ಬಂದ ಶಿಷ್ಟ ಪದ. ಕನ್ನಡದಲ್ಲಿ ‘ಕೇಳು’ ದೇಶ್ಯ, ‘ವಿಚಾರಿಸು’ ಸಂಸ್ಕೃತದಿಂದ ಬಂದು ‘ಇಸು’ ಪ್ರತ್ಯಯ ಪಡೆದು ಕನ್ನಡವಾದ ಪದ. ಮೇಲುನೋಟಕ್ಕೆ ಜೋಡಿ ಸರಿಯಾಗಿ ಹೊಂದುತ್ತದೆ. ಈ ಹೊಂದಾಣಿಕೆಯೇ ಅನುವಾದಕರನ್ನು ನಿಶ್ಚಿಂತರನ್ನಾಗಿ ಮಾಡಿರಬೇಕು. ಆದರೆ ಇಂಗ್ಲಿಷಿನಲ್ಲಿ ಪತ್ರ ಬರೆಯುವ ಸಾಮಾನ್ಯ ಓದುಗ, ಗ್ರಾಹಕ, ವಿದ್ಯಾರ್ಥಿ ಯಾರೇ ಆದರೂ ‘ಎನ್‌ಕ್ವೈರ್’ ಎಂಬ ಕ್ರಿಯಾಪದವನ್ನು ತನ್ನ ಪರವಾಗಿ ಬಳಸಬಲ್ಲ. ಅದರಲ್ಲಿ ಬೇಡಿಕೆಯ ದೈನ್ಯವೂ ಇಲ್ಲ, ಆರೋಪದ ದರ್ಪವೂ ಇಲ್ಲ. ಕನ್ನಡದ ಆಡಳಿತ ಬರಹದಲ್ಲಿ ಅಂಥ ಸಮಸ್ಥಾನದ ಕ್ರಿಯಾಪದ ಎಲ್ಲಿದೆ ಎಂಬುದೇ ಇಲ್ಲಿನ ಪ್ರಶ್ನೆ.

‘ವಿಚಾರ’ ಎಂಬ ಪದ ಮೂಲತಃ ಮತ್ತೊಬ್ಬರನ್ನು ಪ್ರಶ್ನಿಸುವುದಕ್ಕೆ ಸಂಬಂಧಿಸಿದ್ದಲ್ಲ. ‘ವಿ’ ಉಪಸರ್ಗದೊಡನೆ ‘ಚರ್’ ಧಾತು ಸೇರಿ ಆದ ಈ ಪದದಲ್ಲಿ ಮನಸ್ಸು ಒಂದು ವಸ್ತುವಿನ ಸುತ್ತ ಚಲಿಸುವ, ಅದನ್ನು ಹಲವು ಬದಿಗಳಿಂದ ನೋಡುವ ಅರ್ಥವಿದೆ. ‘ವಿಚಾರವಾದ’, ‘ವಿಚಾರ ಸಂಕಿರಣ’, ‘ವೈಚಾರಿಕ ಸಾಹಿತ್ಯ’ ಎಂಬ ಪ್ರಯೋಗಗಳಲ್ಲಿ ಆ ಅರ್ಥ ಇಂದಿಗೂ ಜೀವಂತವಾಗಿದೆ. ರಮಣ ಮಹರ್ಷಿಗಳ ಆತ್ಮವಿಚಾರವನ್ನು ಇಂಗ್ಲಿಷಿನಲ್ಲಿ ‘ಸೆಲ್ಫ್ ಎನ್‌ಕ್ವೈರಿ’ ಎಂದು ಕರೆಯುವ ರೂಢಿಯಿದೆ. ಅಲ್ಲಿ ಕೇಳುವವನೂ ಕೇಳಿಸಿಕೊಳ್ಳುವವನೂ ಒಬ್ಬನೇ.

ಜನಭಾಷೆಯಲ್ಲಿ ಈ ಪದ ಇನ್ನೊಂದು ದಿಕ್ಕಿಗೆ ಬೆಳೆಯಿತು. ಕಾಯಿಲೆ ಬಿದ್ದವರನ್ನು ವಿಚಾರಿಸಿಕೊಂಡು ಬರುವುದು, ಯೋಗಕ್ಷೇಮ ವಿಚಾರಿಸುವುದು, ಬಂದ ನೆಂಟರನ್ನು ಚೆನ್ನಾಗಿ ವಿಚಾರಿಸಿಕೊಳ್ಳುವುದು ಇವೆಲ್ಲ ಅಕ್ಕರೆಯ, ಹೊಣೆಗಾರಿಕೆಯ ಮಾತುಗಳು. ವಿಚಾರಿಸುವವರಿಲ್ಲದ ಮನೆ ಎಂದರೆ ದಿಕ್ಕಿಲ್ಲದ ಮನೆ. ‘ನಿನ್ನನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ’ ಎಂಬ ಬೆದರಿಕೆಯೂ ಇದೇ ಕ್ರಿಯಾಪದದಿಂದ ಹುಟ್ಟಿದೆ. ಅಕ್ಕರೆ ಮತ್ತು ಅಧಿಕಾರ ಎರಡನ್ನೂ ಒಂದೇ ಪದ ಹೊತ್ತಿದೆ. ಮಾತಿನಲ್ಲಿ ಯಾವುದು ಯಾವುದೆಂದು ದನಿ ಹೇಳಿಬಿಡುತ್ತದೆ. ಅಚ್ಚಾದ ನೋಟೀಸಿಗೆ ದನಿಯಿಲ್ಲ.

ಈ ಸಮಸ್ಯೆ ತೀವ್ರವಾಗುವುದು ನ್ಯಾಯಾಂಗದ ಸಂದರ್ಭದಲ್ಲಿ. ೧೯೭೩ರ ದಂಡ ಪ್ರಕ್ರಿಯಾ ಸಂಹಿತೆ ‘ಇನ್‌ಕ್ವೈರಿ’ಯನ್ನು ‘ಟ್ರಯಲ್’ ಹೊರತುಪಡಿಸಿ ದಂಡಾಧಿಕಾರಿ ಅಥವಾ ನ್ಯಾಯಾಲಯ ನಡೆಸುವ ಕಲಾಪವೆಂದು ವ್ಯಾಖ್ಯಾನಿಸಿತ್ತು. ಸಾಕ್ಷ್ಯ ಸಂಗ್ರಹಕ್ಕಾಗಿ ಪೊಲೀಸರು ನಡೆಸುವ ‘ಇನ್‌ವೆಸ್ಟಿಗೇಷನ್’ ಅದರಿಂದ ಬೇರೆ. ಆ ಸಂಹಿತೆಯ ಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಈ ಭೇದವನ್ನು ಉಳಿಸಿಕೊಂಡಿದೆ. ಕನ್ನಡದಲ್ಲಿ ಪೊಲೀಸರ ಕಾರ್ಯಕ್ಕೆ ‘ತನಿಖೆ’ ಎಂಬ ಅನ್ಯದೇಶ್ಯ ಪದ ನೆಲೆನಿಂತಿದೆ. ‘ಟ್ರಯಲ್’ ಎಂಬುದಕ್ಕೆ ‘ಅಧಿವಿಚಾರಣೆ’ ಎಂಬ ಪಾರಿಭಾಷಿಕ ಪದವನ್ನು ಕಾನೂನು ಬರಹ ರೂಪಿಸಿಕೊಂಡಿದೆ. ಆದರೆ ಪತ್ರಿಕೆಯ ಭಾಷೆಯಲ್ಲಿ ಪೊಲೀಸರು ಕೇಳುವ ಪ್ರಶ್ನೆ, ನ್ಯಾಯಾಲಯದ ಒಂದು ದಿನದ ಕಲಾಪ, ಪೂರ್ಣ ಪ್ರಮಾಣದ ಅಧಿವಿಚಾರಣೆ ಎಲ್ಲವೂ ‘ವಿಚಾರಣೆ’ಯಾಗಿ ಒಂದಾಗುತ್ತವೆ.

ಇದರ ಪರಿಣಾಮ ಭಾಷೆಯ ಒಳಗೇ ಉಳಿಯುವುದಿಲ್ಲ. ಹಳೆಯ ಸಂಹಿತೆಯ ೧೬೦ನೆಯ ಕಲಮು, ಈಗಿನ ಸಂಹಿತೆಯ ೧೭೯ನೆಯ ಕಲಮು, ಸಾಕ್ಷಿಗಳನ್ನು ಹಾಜರಾಗಲು ಕರೆಯುವುದಕ್ಕೆ ಸಂಬಂಧಿಸಿದವು. ಅಪರಾಧದ ಶಂಕೆಯುಳ್ಳ ವ್ಯಕ್ತಿಗೆ ಹಾಜರಾಗಲು ನೀಡುವ ನೋಟೀಸಿಗೆ ಬೇರೆಯೇ ಕಲಮು ಇದೆ. ಕಾನೂನು ಸಾಕ್ಷಿಯನ್ನೂ ಶಂಕಿತನನ್ನೂ ಬೇರೆ ಬಾಗಿಲಿನಿಂದ ಬರಮಾಡಿಕೊಳ್ಳುತ್ತದೆ. ‘ವಿಚಾರಣೆಗೆ ಕರೆಸಲಾಗಿದೆ’ ಎಂಬ ಕನ್ನಡ ಶೀರ್ಷಿಕೆ ಇಬ್ಬರನ್ನೂ ಒಂದೇ ಬಾಗಿಲಿನಲ್ಲಿ ನಿಲ್ಲಿಸುತ್ತದೆ. ತಾನು ಕಂಡದ್ದನ್ನು ಹೇಳಲು ಠಾಣೆಗೆ ಹೋಗಿಬಂದವನು ಊರಿನ ಕಣ್ಣಿನಲ್ಲಿ ವಿಚಾರಣೆಗೆ ಒಳಗಾದವನಾಗುತ್ತಾನೆ. ಅವನ ಮಗಳ ಮದುವೆಯ ಮಾತಿನಲ್ಲಿ, ಅಂಗಡಿಯ ಸಾಲದ ಲೆಕ್ಕದಲ್ಲಿ ಈ ಒಂದು ಪದ ತನ್ನ ಕೆಲಸ ಮಾಡಬಲ್ಲದು. ಸಾಕ್ಷಿ ಹೇಳಲು ಜನ ಹಿಂಜರಿಯುವುದಕ್ಕೆ ಕಾರಣಗಳು ಹಲವಿವೆ. ಅವುಗಳಲ್ಲಿ ಭಾಷೆಯ ಪಾಲೂ ಇರಬಹುದೆಂಬುದನ್ನು ಭಾಷಾಧ್ಯಯನ ಮಾಡುವವರಾದರೂ ಗಮನಿಸಬೇಕು.

ಇದೇ ಸಮಸ್ಯೆಯ ಇನ್ನೊಂದು ಮುಖ ನಾಗರಿಕನ ಬರಹದಲ್ಲಿದೆ. ಪ್ರಭುತ್ವವು ಕೇಳಿದರೆ ಅದು ವಿಚಾರಣೆ. ನಾಗರಿಕ ಕೇಳಿದರೆ ಅದು ಕೋರಿಕೆ, ವಿನಂತಿ, ಪ್ರಾರ್ಥನೆ. ಅರ್ಜಿಯ ‘ವಿಷಯ’ದ ಸಾಲು ‘ಮಾಹಿತಿ ಒದಗಿಸುವಂತೆ ಕೋರಿ’ ಎಂದು ಮುಗಿಯುತ್ತದೆ. ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾನೂನನ್ನು ೨೦೦೦ದಲ್ಲಿ ರೂಪಿಸಿತು. ೨೦೦೫ರಲ್ಲಿ ಕೇಂದ್ರದ ಅಧಿನಿಯಮ ಬಂದಿತು. ಅದರ ೬ನೆಯ ಕಲಮಿನ ಪ್ರಕಾರ ಅರ್ಜಿಯನ್ನು ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಸಲ್ಲಿಸಬಹುದು, ಮಾಹಿತಿ ಏಕೆ ಬೇಕೆಂಬ ಕಾರಣವನ್ನು ನಾಗರಿಕ ಹೇಳಬೇಕಾಗಿಲ್ಲ. ಸಾಮಾನ್ಯ ಸಂದರ್ಭದಲ್ಲಿ ೩೦ ದಿನಗಳೊಳಗೆ ಉತ್ತರ ಕೊಡುವುದು ಅಧಿಕಾರಿಯ ಕರ್ತವ್ಯ. ಹೀಗೆ ಕಾನೂನು ನಾಗರಿಕನನ್ನು ಹಕ್ಕುದಾರನ ಸ್ಥಾನದಲ್ಲಿ ಕೂರಿಸಿದ ಮೇಲೂ ಅವನ ಕ್ರಿಯಾಪದ ಕೈಮುಗಿದೇ ನಿಂತಿದೆ.

ಇಂಗ್ಲಿಷ್ ಅಧಿನಿಯಮವೂ ನಾಗರಿಕನಿಗೆ ‘ರಿಕ್ವೆಸ್ಟ್’ ಪದವನ್ನು ಕೊಟ್ಟು, ೧೮ನೆಯ ಕಲಮಿನಲ್ಲಿ ಮಾಹಿತಿ ಆಯೋಗಕ್ಕೆ ‘ಇನ್‌ಕ್ವೈರ್’ ಪದವನ್ನು ಕಾಯ್ದಿರಿಸಿದೆಯಲ್ಲವೇ ಎಂದು ಇಲ್ಲಿ ಕೇಳಬಹುದು. ಆಕ್ಷೇಪ ನ್ಯಾಯವಾದದ್ದೇ. ಪದಗಳ ಈ ಹಂಚಿಕೆ ಕನ್ನಡದ ಸೃಷ್ಟಿಯಲ್ಲ, ವಸಾಹತುಶಾಹಿ ಆಡಳಿತದ ಬಳುವಳಿ. ಆದರೆ ‘ರಿಕ್ವೆಸ್ಟ್’ ಎಂಬುದು ಇಂಗ್ಲಿಷ್ ಕಚೇರಿಯ ಬಳಕೆಯಲ್ಲಿ ಸವೆದು ಬಹುಮಟ್ಟಿಗೆ ನಿರ್ಭಾವುಕವಾದ ಪದ. ಅದು ಕನ್ನಡಕ್ಕೆ ಬರುವಾಗ ಅರಮನೆಯ ಬಿನ್ನಹದ ಭಾರವನ್ನು ಹೊತ್ತುಕೊಂಡಿತು. ಕರ್ನಾಟಕದ ನಿಯಮಗಳಿಗೆ ೨೦೦೮ರಲ್ಲಿ ಆದ ತಿದ್ದುಪಡಿ ಒಂದು ಅರ್ಜಿಗೆ ಒಂದೇ ವಿಷಯ, ೧೫೦ ಪದಗಳ ಮಿತಿ ಎಂಬ ಕಟ್ಟುಪಾಡನ್ನು ತಂದಿತು. ‘ಈ ಮೂಲಕ ತಮ್ಮಲ್ಲಿ ವಿನಮ್ರವಾಗಿ ಪ್ರಾರ್ಥಿಸಿಕೊಳ್ಳುವುದೇನೆಂದರೆ’ ಎಂಬ ಸಿದ್ಧ ಪೀಠಿಕೆಗೇ ಐದು ಪದಗಳು ವೆಚ್ಚವಾಗುತ್ತವೆ. ಆ ಐದು ಪದಗಳಲ್ಲಿ ಒಂದು ಸರ್ವೆ ನಂಬರು, ಒಂದು ದಿನಾಂಕ, ಒಂದು ಆದೇಶದ ಸಂಖ್ಯೆ ಹಿಡಿಯುತ್ತದೆ.

ಕನ್ನಡದ ಪರಂಪರೆ ಕೇಳುವ ಕ್ರಿಯೆಯನ್ನು ಹೀಗೆ ಕಂಡಿರಲಿಲ್ಲ. ಹಳಗನ್ನಡದಲ್ಲಿ ‘ಬೆಸಗೊಳ್’ ಎಂದರೆ ಕೇಳು, ‘ಬೆಸಸು’ ಎಂದರೆ ಅಪ್ಪಣೆ ಕೊಡು; ಎರಡರಲ್ಲೂ ಇರುವುದು ‘ಬೆಸ’. ಜೈನಪುರಾಣಗಳ ಕಥಾಚೌಕಟ್ಟಿನಲ್ಲಿ ಶ್ರೇಣಿಕ ಮಹಾರಾಜನು ಗೌತಮ ಗಣಧರರನ್ನು ಕೇಳುತ್ತಾನೆ. ಅಲ್ಲಿ ಕೇಳುವವನು ಅರಸು, ಹೇಳುವವನು ಏನನ್ನೂ ಇಟ್ಟುಕೊಳ್ಳದ ಮುನಿ. ಕೇಳಿದ್ದರಿಂದ ಅರಸು ಕುಗ್ಗುವುದಿಲ್ಲ, ಮುನಿ ಆರೋಪಿಯಾಗುವುದೂ ಇಲ್ಲ. ಶೂನ್ಯಸಂಪಾದನೆಗಳ ಸಂವಾದಗಳಲ್ಲಿಯೂ ಪ್ರಶ್ನೆ ಹೊಸಬರನ್ನು ಒರೆಗೆ ಹಚ್ಚುತ್ತದೆ, ಆದರೆ ಕೇಳಿದವರೂ ಆ ಒರೆಯಿಂದ ಹೊರಗುಳಿಯುವುದಿಲ್ಲ. ‘ಕೇಳು’ ಎಂಬ ದೇಶ್ಯ ಧಾತುವಿನಲ್ಲಂತೂ ಪ್ರಶ್ನಿಸುವುದೂ ಆಲಿಸುವುದೂ ಒಟ್ಟಿಗಿವೆ. ತಮಿಳು, ತುಳು ಭಾಷೆಗಳಲ್ಲಿಯೂ ಇದರ ಸಜಾತಿ ಪದ ಎರಡೂ ಕೆಲಸವನ್ನು ಮಾಡುತ್ತದೆ. ತೆಲುಗು ಮಾತ್ರ ಆಲಿಸುವುದಕ್ಕೆ ‘ವಿನು’, ಪ್ರಶ್ನಿಸುವುದಕ್ಕೆ ‘ಅಡುಗು’ ಎಂದು ಬೇರ್ಪಡಿಸಿಕೊಂಡಿದೆ. ಇಷ್ಟು ಸಂಪನ್ನವಾದ ಕ್ರಿಯಾಪದವನ್ನು ಅಶಿಷ್ಟವೆಂದು ಕಚೇರಿಯ ಹೊರಗೆ ನಿಲ್ಲಿಸಿದ್ದು ಆಡಳಿತ ಕನ್ನಡ ತಾನಾಗಿ ತಂದುಕೊಂಡ ನಷ್ಟ.

ಈ ವಿಷಯದಲ್ಲಿ ವಿಶ್ವವಿದ್ಯಾಲಯಗಳೂ ಹೊರತಲ್ಲ. ಸಂಶೋಧನ ಪ್ರಬಂಧಗಳ ಪ್ರಸ್ತಾವನೆಯಲ್ಲಿ ‘ಪ್ರಸ್ತುತ ಅಧ್ಯಯನವು ಈ ಸಮುದಾಯವನ್ನು ವಿಚಾರಣೆಗೆ ಒಳಪಡಿಸುತ್ತದೆ’ ಎಂಬ ಮಾದರಿಯ ವಾಕ್ಯಗಳು ಅಪರೂಪವೇನಲ್ಲ. ಇಂಗ್ಲಿಷಿನ ‘ಕ್ರಿಟಿಕಲ್ ಇನ್‌ಕ್ವೈರಿ’ಯ ನೆರಳು ಇದು. ಕ್ಷೇತ್ರಕಾರ್ಯಕ್ಕೆ ಹೋದ ಸಂಶೋಧಕ ತಾನು ಕಚೇರಿಯಿಂದ ಬಂದವನಲ್ಲ, ಹೆಸರು ಬರೆದುಕೊಂಡು ಹೋಗಿ ತೆರಿಗೆ ಹಾಕಿಸುವವನಲ್ಲ ಎಂದು ಮೊದಲು ನಂಬಿಸಬೇಕಾಗುತ್ತದೆ. ಹಾಗೆ ನಂಬಿಸಿ ಹಾಡು, ಕಥೆ, ಬದುಕಿನ ವಿವರಗಳನ್ನು ಪಡೆದು ಬಂದವನೇ ಪ್ರಬಂಧದಲ್ಲಿ ಆ ಜನರನ್ನು ‘ವಿಚಾರಣೆಗೆ ಒಳಪಡಿಸಿದೆ’ ಎಂದು ಬರೆದರೆ ಹಟ್ಟಿಯಲ್ಲಿ ಆಡಿದ ಮಾತಿಗೂ ಅಚ್ಚಾದ ಮಾತಿಗೂ ಹೊಂದಿಕೆಯಾಗುವುದಿಲ್ಲ. ‘ಕೇಳಿ ತಿಳಿದದ್ದು’ ಎಂಬ ಸರಳ ಮಾತು ಅಲ್ಲಿ ಹೆಚ್ಚು ಪ್ರಾಮಾಣಿಕವೂ ಹೆಚ್ಚು ಖಚಿತವೂ ಆಗಿರುತ್ತದೆ.

ಸಂದರ್ಭವೇ ಅರ್ಥವನ್ನು ನಿರ್ಧರಿಸುತ್ತದೆ, ಹಿಂದಿಯ ‘ಪೂಛ್‌ತಾಛ್’ ಕೂಡ ನಿಲ್ದಾಣಕ್ಕೂ ಠಾಣೆಗೂ ಸಲ್ಲುತ್ತದೆ, ಹಾಗಿರುವಾಗ ಕನ್ನಡಕ್ಕೆ ಮಾತ್ರ ಈ ಚಿಂತೆ ಏಕೆ ಎಂಬ ವಾದವೂ ಸಾಧ್ಯ. ಸಂದರ್ಭ ಅರ್ಥವನ್ನು ಬಿಡಿಸುವುದು ನಿಜ. ಆದರೆ ಸಂದರ್ಭವನ್ನು ಬಿಡಿಸಿ ನೋಡುವ ಸಾಮರ್ಥ್ಯ ಎಲ್ಲರಿಗೂ ಸಮನಾಗಿ ದೊರೆತಿಲ್ಲ. ವಕೀಲ, ಪತ್ರಕರ್ತ, ಅಧ್ಯಾಪಕ ಇವರಿಗೆ ಗೊಂದಲವಾಗುವುದಿಲ್ಲ. ನೋಟೀಸು ಕೈಗೆ ಬಂದ ದಿನ ಅದನ್ನು ಪಕ್ಕದ ಮನೆಯ ಹುಡುಗನಿಂದ ಓದಿಸಿಕೊಳ್ಳುವವರಿಗೆ ಆಗುತ್ತದೆ. ಭಾಷಾನೀತಿ ಯಾರ ಓದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು ಎಂಬುದು ಇಲ್ಲಿ ತೀರ್ಮಾನವಾಗಬೇಕಾದ ಸಂಗತಿ.

ಹೊಸ ಪದಗಳನ್ನು ಟಂಕಿಸುವ ಅಗತ್ಯ ಹೆಚ್ಚಿಲ್ಲ. ಇರುವ ಪದಗಳಿಗೆ ಅವುಗಳ ಸ್ಥಳವನ್ನು ತೋರಿಸಿದರೆ ಸಾಕು. ನಿಲ್ದಾಣದ ಕಿಟಕಿಗೆ ‘ಮಾಹಿತಿ’ ಎಂಬ ಪದ ಸಾಲುತ್ತದೆ. ಪೊಲೀಸರ ಸಂದರ್ಭದಲ್ಲಿ ‘ತನಿಖೆ’, ‘ಪ್ರಶ್ನಿಸಿದರು’, ‘ಹೇಳಿಕೆ ಪಡೆದರು’ ಎಂಬ ಪ್ರಯೋಗಗಳು ಯಾರು ಸಾಕ್ಷಿ, ಯಾರು ಶಂಕಿತ ಎಂಬುದನ್ನು ಉಳಿಸಿಕೊಡುತ್ತವೆ. ‘ಟ್ರಯಲ್’ ಅರ್ಥದಲ್ಲಿ ‘ಅಧಿವಿಚಾರಣೆ’ಯನ್ನು ಪತ್ರಿಕೆಗಳೂ ಬಳಸಿ ರೂಢಿಗೆ ತರಬಹುದು. ‘ವಿಚಾರಣೆ’ ಆಗ ಆಯೋಗಗಳ, ಇಲಾಖೆಗಳ, ನ್ಯಾಯಾಲಯಗಳ ನಿರ್ದಿಷ್ಟ ಕಲಾಪಕ್ಕೆ ಉಳಿಯುತ್ತದೆ. ನಾಗರಿಕನ ಅರ್ಜಿಯಲ್ಲಿ ‘ಈ ಕೆಳಗಿನ ಮಾಹಿತಿಯನ್ನು ಕೇಳಿದ್ದೇನೆ’ ಎಂಬ ವಾಕ್ಯಕ್ಕೆ ವ್ಯಾಕರಣದ ಅಡ್ಡಿಯಾಗಲಿ ಮರ್ಯಾದೆಯ ಅಡ್ಡಿಯಾಗಲಿ ಇಲ್ಲ. ಅದನ್ನು ಒರಟೆಂದು ಭಾವಿಸುವುದು ಕಚೇರಿ ಕಲಿಸಿದ ಅಭ್ಯಾಸ ಮಾತ್ರ.

ಕರ್ನಾಟಕ ಆಡಳಿತ ಭಾಷಾ ಅಧಿನಿಯಮ ಬಂದದ್ದು ೧೯೬೩ರಲ್ಲಿ. ಅಂದಿನಿಂದ ನಡೆದ ಚರ್ಚೆ ಬಹುಪಾಲು ಇಂಗ್ಲಿಷಿನ ಜಾಗದಲ್ಲಿ ಕನ್ನಡ ಬಂದಿತೇ ಇಲ್ಲವೇ ಎಂಬುದರ ಸುತ್ತ ಇದೆ. ಬಂದ ಕನ್ನಡ ಯಾರ ಪರವಾಗಿ ಮಾತನಾಡುತ್ತಿದೆ ಎಂಬ ಚರ್ಚೆ ಅಷ್ಟಾಗಿ ನಡೆದಿಲ್ಲ. ಪದವಿ ತರಗತಿಗಳಲ್ಲಿ ಆಡಳಿತ ಕನ್ನಡ, ಪತ್ರಲೇಖನ ಪಾಠ ಮಾಡುವವರು ಕನ್ನಡ ಅಧ್ಯಾಪಕರೇ. ಮಾದರಿ ಅರ್ಜಿಯನ್ನು ಕರಿಹಲಗೆಯ ಮೇಲೆ ಬರೆಯುವಾಗ ಯಾವ ಕ್ರಿಯಾಪದವನ್ನು ಬರೆಯಬೇಕೆಂಬುದು ಅವರ ಕೈಯಲ್ಲಿದೆ. ಆ ಹಲಗೆಯಿಂದ ಇಳಿಸಿಕೊಂಡ ವಾಕ್ಯವನ್ನೇ ವಿದ್ಯಾರ್ಥಿಗಳು ಮುಂದೆ ತಮ್ಮ ತಂದೆತಾಯಿಗಳ ಪಿಂಚಣಿಗಾಗಿ, ಪಹಣಿಯ ತಿದ್ದುಪಡಿಗಾಗಿ ತಾಲ್ಲೂಕು ಕಚೇರಿಗೆ ಬರೆಯುತ್ತಾರೆ.