ಬಿರುದು ಜಾಹೀರಾತಿಗೆ, ಉಕ್ಕು ಊರಿಗೆ
ವಿಶಾಖಪಟ್ಟಣಕ್ಕೆ ‘ಸಿಟಿ ಆಫ್ ಡೆಸ್ಟಿನಿ’ ಎಂಬ ಬಿರುದಿದೆ. ಜನರ ಬಾಯಲ್ಲಿ ಮಾತ್ರ ಅದು ವೈಜಾಗ್, ಇಲ್ಲವೇ ವಿಶಾಖ. ವಿಜಯವಾಡ ಇಂದಿಗೂ ಹಲವರಿಗೆ ಬೆಜವಾಡವೇ. ಬೇಸಿಗೆಯ ಉರಿಬಿಸಿಲಿನಿಂದಾಗಿ ‘ಬ್ಲೇಜ್‌ವಾಡ’ ಎಂಬ ತಮಾಷೆಯ ಹೆಸರೂ ಅಂಟಿಕೊಂಡಿದೆ.

ಆದರೆ ವಿಶಾಖದವರು ಪಟ್ಟು ಹಿಡಿದು ಉಳಿಸಿಕೊಂಡ ಗುರುತು ಬೇರೆಯೇ. 1966ರಲ್ಲಿ ಉಕ್ಕಿನ ಕಾರ್ಖಾನೆಗಾಗಿ ‘ವಿಶಾಖ ಉಕ್ಕು, ಆಂಧ್ರುಲ ಹಕ್ಕು’ ಎಂಬ ಘೋಷಣೆಯೊಂದಿಗೆ ನಡೆದ ಆಂದೋಲನದಲ್ಲಿ 32 ಮಂದಿ ಪ್ರಾಣ ತೆತ್ತರು. 2021ರಲ್ಲಿ ಕೇಂದ್ರ ಸರ್ಕಾರ ಅದೇ ಕಾರ್ಖಾನೆಯ ಖಾಸಗೀಕರಣಕ್ಕೆ ಒಪ್ಪಿಗೆ ನೀಡಿದಾಗ ಹಳೆಯ ಘೋಷಣೆ ಮತ್ತೆ ಮೊಳಗಿತು. 2025ರ ಜನವರಿಯಲ್ಲಿ 11,440 ಕೋಟಿ ರೂ. ಪುನಶ್ಚೇತನ ಪ್ಯಾಕೇಜ್ ಪ್ರಕಟವಾಯಿತು.

ಬಿರುದನ್ನು ಯಾರು ಬೇಕಾದರೂ ಕೊಡಬಹುದು. ಜನ ತಮ್ಮದೆಂದು ಬೀದಿಗಿಳಿದದ್ದು ಮಾತ್ರ ಉಕ್ಕಿಗಾಗಿ.