ವಿದ್ಯುತ್ ಪಿಕಪ್: ಅಗ್ಗದ ಓಟ, ಭಾರದ ಸಾಲ

ಸಂತೆಗೆ ತರಕಾರಿ, ಅಂಗಡಿಗೆ ದಿನಸಿ, ಕಟ್ಟಡಕ್ಕೆ ಸಿಮೆಂಟು, ಮನೆ ಬದಲಿಸುವವರ ಸಾಮಾನು ಸರಂಜಾಮು. ರಾಜ್ಯದ ಊರೂರುಗಳಲ್ಲಿ ಇವನ್ನೆಲ್ಲ ಹೊತ್ತು ಓಡಾಡುವುದು ಸಣ್ಣ ಸರಕು ವಾಹನಗಳು. 2005ರಲ್ಲಿ ಟಾಟಾ ಏಸ್ ರಸ್ತೆಗಿಳಿದ ನಂತರ ಅಸಂಖ್ಯ ಯುವಕರು ಸಾಲ ಮಾಡಿ ಇಂತಹ ಗಾಡಿ ಕೊಂಡು, ತಾವೇ ಮಾಲೀಕರೂ ಚಾಲಕರೂ ಆಗಿ ಬದುಕು ಕಟ್ಟಿಕೊಂಡರು. ಹಳೆಯ ಗಾಡಿಯನ್ನು ಬದಲಿಸುವ ಹೊತ್ತು ಬಂದಾಗ ಅವರ ಮುಂದೆ ಈಗ ಹೊಸದೊಂದು ಪ್ರಶ್ನೆ ನಿಂತಿದೆ. ಮುಂದಿನ ಗಾಡಿ ಎಣ್ಣೆಯದೋ, ವಿದ್ಯುತ್ತಿನದೋ?

ಪ್ರಶ್ನೆ ಸರಳವಾಗಿ ಕಂಡರೂ ಉತ್ತರ ಎಲ್ಲರಿಗೂ ಒಂದೇ ಅಲ್ಲ. ಗಾಡಿ ಎಷ್ಟು ಓಡುತ್ತದೆ, ಎಲ್ಲಿಗೆ ಓಡುತ್ತದೆ, ರಾತ್ರಿ ಎಲ್ಲಿ ನಿಲ್ಲುತ್ತದೆ ಎಂಬ ಮೂರು ಸಂಗತಿಗಳು ಲಾಭ ನಷ್ಟವನ್ನು ನಿರ್ಧರಿಸುತ್ತವೆ. ಈ ಮೂರರಲ್ಲೂ ಅನುಕೂಲವಿರುವುದು ಹೆಚ್ಚಾಗಿ ದೊಡ್ಡ ಕಂಪೆನಿಗಳಿಗೆ. ಒಂದೇ ಗಾಡಿಯ ಮಾಲೀಕ ಲೆಕ್ಕ ಹಾಕದೆ ಕೈಹಾಕಿದರೆ ಕಂತು ಕಟ್ಟಲಾಗದೆ ಪರದಾಡಬೇಕಾದೀತು.

ಬೆಲೆಯ ಅಂತರ

ಟಾಟಾ ಮೋಟಾರ್ಸ್ 2022ರ ಮೇ ತಿಂಗಳಿನಲ್ಲಿ ಏಸ್ ವಾಹನದ ವಿದ್ಯುತ್ ಮಾದರಿಯನ್ನು ಅನಾವರಣಗೊಳಿಸಿತು. 600 ಕಿಲೋ ಹೊರುವ ಆ ಗಾಡಿಯ ನಂತರ 2024ರಲ್ಲಿ ಒಂದು ಟನ್ ಹೊರುವ ಮಾದರಿ ಬಂದಿತು. ಅದೇ ವರ್ಷ ಮಹೀಂದ್ರಾ ಸಂಸ್ಥೆ ‘ಝಿಯೋ’ ಎಂಬ ವಿದ್ಯುತ್ ಸರಕು ವಾಹನವನ್ನು ಮಾರುಕಟ್ಟೆಗೆ ತಂದಿತು. ಆದರೆ ಹೋಲಿಕೆಗೆ ಹೆಚ್ಚು ಅನುಕೂಲವಾಗಿರುವುದು 2025ರ ಜೂನ್‌ನಲ್ಲಿ ಬಿಡುಗಡೆಯಾದ ಏಸ್ ಪ್ರೋ. 750 ಕಿಲೋ ಹೊರುವ ಈ ಗಾಡಿ ಪೆಟ್ರೋಲಿನಲ್ಲೂ ವಿದ್ಯುತ್ತಿನಲ್ಲೂ ದೊರೆಯಿತು. ಬಿಡುಗಡೆಯ ವೇಳೆ ಪೆಟ್ರೋಲ್ ಮಾದರಿಯ ಷೋರೂಂ ಬೆಲೆ 3.99 ಲಕ್ಷ ರೂ.ಗಳಿಂದ ಆರಂಭವಾದರೆ, ವಿದ್ಯುತ್ ಮಾದರಿಯದು 6.50 ಲಕ್ಷ ರೂ. ಆಗಿತ್ತು.

ಆಗ 2.51 ಲಕ್ಷ ರೂ.ಗಳಿದ್ದ ಅಂತರ ಮೂರೇ ತಿಂಗಳಲ್ಲಿ ಹಿಗ್ಗಿತು. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ವಿದ್ಯುತ್ ವಾಹನಗಳ ಮೇಲೆ ಆಗ ಇದ್ದುದು ಶೇ. 5 ಮಾತ್ರ, ಅದು ಹಾಗೆಯೇ ಉಳಿಯಿತು. ತೆರಿಗೆ ಇಳಿಕೆಯ ಲಾಭವನ್ನು ಪೂರ್ತಿಯಾಗಿ ಗ್ರಾಹಕನಿಗೆ ದಾಟಿಸಿದರೆ ಪೆಟ್ರೋಲ್ ಗಾಡಿ ಸುಮಾರು 30 ಸಾವಿರ ರೂ. ಅಗ್ಗವಾಗುತ್ತದೆ. ಹೀಗಾಗಿ ಎರಡರ ನಡುವಿನ ಅಂತರವನ್ನು 2.8 ಲಕ್ಷ ರೂ. ಎಂದು ಹಿಡಿಯಬಹುದು.

ಕಂತು ಮತ್ತು ಉಳಿತಾಯ

ಈ ಹೆಚ್ಚುವರಿ 2.8 ಲಕ್ಷವನ್ನು ಶೇ. 12ರ ಬಡ್ಡಿಗೆ ನಾಲ್ಕು ವರ್ಷದ ಸಾಲವಾಗಿ ಪಡೆದರೆ ತಿಂಗಳಿಗೆ ಸುಮಾರು 7,400 ರೂ. ಹೆಚ್ಚು ಕಂತು ಬೀಳುತ್ತದೆ. ಇಷ್ಟನ್ನು ಇಂಧನದಲ್ಲಿ ಉಳಿಸಲು ಸಾಧ್ಯವೇ?

ಪೆಟ್ರೋಲ್ ಲೀಟರಿಗೆ 100 ರೂ., ಹೊರೆ ಹೊತ್ತ ಗಾಡಿ ಲೀಟರಿಗೆ 20 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳೋಣ. ಕಿ.ಮೀ.ಗೆ 5 ರೂ. ತಗಲುತ್ತದೆ. ವಿದ್ಯುತ್ ಗಾಡಿ ಚಾರ್ಜಿಂಗ್ ವೇಳೆ ಸೋರಿಹೋಗುವುದೂ ಸೇರಿ 100 ಕಿ.ಮೀ.ಗೆ 15 ಯೂನಿಟ್ ಬಳಸುತ್ತದೆ ಎಂದುಕೊಂಡರೆ, ಯೂನಿಟ್‌ಗೆ 8 ರೂ.ನಂತೆ ಕಿ.ಮೀ.ಗೆ ಬರುವುದು 1 ರೂಪಾಯಿ 20 ಪೈಸೆ. ಅಂದರೆ ಪ್ರತಿ ಕಿ.ಮೀ.ಗೆ 3 ರೂಪಾಯಿ 80 ಪೈಸೆ ಉಳಿತಾಯ.

ದಿನಕ್ಕೆ 80 ಕಿ.ಮೀ.ನಂತೆ ತಿಂಗಳಲ್ಲಿ 25 ದಿನ ಓಡಿಸುವವನಿಗೆ 7,600 ರೂ. ಉಳಿಯುತ್ತದೆ, ಹೆಚ್ಚುವರಿ ಕಂತು ಅಲ್ಲಿಂದಲ್ಲಿಗೆ ಸರಿಹೋಗುತ್ತದೆ. ಸಾಲ ತೀರಿದ ಮೇಲೆ ಅಷ್ಟೂ ಹಣ ಮಾಲೀಕನ ಕೈಸೇರುತ್ತದೆ. ಆದರೆ ಬಾಡಿಗೆಗಾಗಿ ಸ್ಟ್ಯಾಂಡಿನಲ್ಲಿ ಕಾದು ದಿನಕ್ಕೆ 40 ಕಿ.ಮೀ. ಮಾತ್ರ ಓಡಿಸುವವನಿಗೆ ಉಳಿಯುವುದು 3,800 ರೂ.; ಉಳಿದುದನ್ನು ಆತ ಜೇಬಿನಿಂದ ಕಟ್ಟಬೇಕು. ಹೆಚ್ಚು ಓಡುವ ಗಾಡಿಗೇ ಹೆಚ್ಚು ಲಾಭ ಎಂಬುದು ಇಲ್ಲಿನ ಮೊದಲ ಪಾಠ.

ಇದರ ಜೊತೆಗೆ ಬೇರೆ ಅನುಕೂಲಗಳೂ ಇವೆ. ಎಂಜಿನ್ ಆಯಿಲ್ ಬದಲಿಸುವ, ಕ್ಲಚ್ ಸವೆಯುವ ತಾಪತ್ರಯವಿಲ್ಲ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಬ್ಯಾಟರಿ ಚಾಲಿತ ಸಾರಿಗೆ ವಾಹನಗಳಿಗೆ ಪರ್ಮಿಟ್‌ನಿಂದ ವಿನಾಯಿತಿ ನೀಡಿತು. 2022ರಲ್ಲಿ ಥರ್ಡ್ ಪಾರ್ಟಿ ವಿಮೆಯ ಕಂತಿನಲ್ಲಿ ಶೇ. 15ರ ರಿಯಾಯಿತಿ ಘೋಷಣೆಯಾಯಿತು.

ಪ್ಲಗ್ ಯಾರದು?

ಮೇಲಿನ ಲೆಕ್ಕವೆಲ್ಲ ನಿಂತಿರುವುದು ಮನೆಯಲ್ಲೇ ಚಾರ್ಜ್ ಮಾಡಬಹುದು ಎಂಬ ಊಹೆಯ ಮೇಲೆ. ಏಸ್ ಪ್ರೋದ ಬ್ಯಾಟರಿ 14.4 ಯೂನಿಟ್‌ನದು, 15 ಆಂಪಿಯರ್ ಪ್ಲಗ್‌ನಲ್ಲಿ ರಾತ್ರಿಯ ಐದಾರು ಗಂಟೆ ಸಾಕು. ಆದರೆ ಬೆಂಗಳೂರಿನ ವಠಾರದಲ್ಲಿ ಬಾಡಿಗೆಗಿದ್ದು ಗಾಡಿಯನ್ನು ಬೀದಿ ಬದಿಯಲ್ಲಿ ನಿಲ್ಲಿಸುವವನಿಗೆ ಆ ಪ್ಲಗ್ ಎಲ್ಲಿಂದ ಬರಬೇಕು? ಆತ ಸಾರ್ವಜನಿಕ ಕೇಂದ್ರವನ್ನೇ ನಂಬಬೇಕು. ಅಲ್ಲಿ ಯೂನಿಟ್ ದರದ ಮೇಲೆ ಸೇವಾಶುಲ್ಕವೂ ಸೇರುತ್ತದೆ. ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಸ್ಪಷ್ಟನೆ ಕೋರಿದಾಗ, ಚಾರ್ಜಿಂಗ್ ಎಂಬುದು ಸೇವೆಯಾಗಿದ್ದು ಶೇ. 18ರ ಜಿಎಸ್‌ಟಿ ಅನ್ವಯಿಸುತ್ತದೆ ಎಂದು ರಾಜ್ಯದ ಮುಂಗಡ ತೀರ್ಪು ಪ್ರಾಧಿಕಾರ 2023ರಲ್ಲಿ ಹೇಳಿತ್ತು. ಎಲ್ಲ ಸೇರಿ ಯೂನಿಟ್‌ಗೆ 20 ರೂ. ತೆರಬೇಕಾದರೆ ಕಿ.ಮೀ.ಗೆ 3 ರೂ. ಆಗುತ್ತದೆ. ದಿನಕ್ಕೆ 80 ಕಿ.ಮೀ. ಓಡಿಸಿದರೂ ತಿಂಗಳ ಉಳಿತಾಯ 4,000 ರೂ.ಗಳಿಗೆ ಕುಸಿಯುತ್ತದೆ. ಚಾರ್ಜಿಂಗ್‌ಗಾಗಿ ಕಾಯುವ ಹೊತ್ತಿನಲ್ಲಿ ಕೈತಪ್ಪುವ ಬಾಡಿಗೆ ಬೇರೆ.

ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯಲ್ಲಿ 2024ರಲ್ಲಿ ಕರ್ನಾಟಕ ದೇಶಕ್ಕೇ ಮೊದಲಿಗ ಎನಿಸಿಕೊಂಡಿತು. ಆದರೆ ಅವುಗಳಲ್ಲಿ ಬಹುಪಾಲು ಬೆಂಗಳೂರಿನಲ್ಲೇ ಇದ್ದವು ಎಂಬುದನ್ನು ಮರೆಯುವಂತಿಲ್ಲ.

ಹೊರೆ ಮತ್ತು ದೂರ

ಪ್ರಮಾಣೀಕೃತ ಲೆಕ್ಕದಂತೆ ಏಸ್ ಪ್ರೋ ಒಮ್ಮೆ ಚಾರ್ಜ್ ಮಾಡಿದರೆ 155 ಕಿ.ಮೀ. ಓಡುತ್ತದೆ. ಹೊರೆ, ಏರು, ಸಂಚಾರ ದಟ್ಟಣೆಯ ನಡುವೆ 110 ಕಿ.ಮೀ. ಎಂದು ಲೆಕ್ಕ ಹಿಡಿಯುವುದು ಜಾಣತನ. ರಾಮನಗರದಿಂದ ಬೆಂಗಳೂರಿಗೆ ಹೋಗಿಬರುವುದು ಸುಮಾರು 100 ಕಿ.ಮೀ.; ಹೇಗೋ ಮುಗಿದೀತು. ಕೋಲಾರದಿಂದ ಟೊಮೆಟೊ ತುಂಬಿ ಹೊರಟವನಿಗೆ ಹೋಗಿಬರುವ ದಾರಿ 130 ಕಿ.ಮೀ. ದಾಟುವುದರಿಂದ ನಡುವೆ ಎಲ್ಲೋ ನಿಲ್ಲಲೇಬೇಕು. ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಡುವವನಿಗೆ ಚಿಂತೆಯೇ ಇಲ್ಲ. ಚಿಕ್ಕಮಗಳೂರಿನಿಂದ ಚಾರ್ಮಾಡಿ ಇಳಿದು ಮಂಗಳೂರು ಮುಟ್ಟಬೇಕಾದವನಿಗೆ ಈ ಗಾಡಿ ಸಲ್ಲದು. 750 ಕಿಲೋದ ಗಾಡಿಗೆ ಅದಕ್ಕೂ ಹೆಚ್ಚು ಹೇರುವ ನಮ್ಮ ರೂಢಿ ಬ್ಯಾಟರಿಯ ಮೇಲೂ ವಾರಂಟಿಯ ಷರತ್ತುಗಳ ಮೇಲೂ ಪರಿಣಾಮ ಬೀರಬಲ್ಲದು.

ಹೊರೆಗೂ ದೂರಕ್ಕೂ ಇರುವ ಈ ವೈರ ನಮ್ಮಲ್ಲಿಗೆ ಸೀಮಿತವಲ್ಲ. ಪಿಕಪ್‌ಗಳ ತವರಾದ ಅಮೆರಿಕದಲ್ಲಿ ಫೋರ್ಡ್ ಸಂಸ್ಥೆ 2022ರಲ್ಲಿ ‘ಎಫ್-150 ಲೈಟ್ನಿಂಗ್’ ವಿದ್ಯುತ್ ಪಿಕಪ್ಪನ್ನು ಗ್ರಾಹಕರಿಗೆ ತಲುಪಿಸಲಾರಂಭಿಸಿತು. ಭಾರದ ಟ್ರೈಲರ್ ಎಳೆಯುವಾಗ ಗಾಡಿ ಓಡುವ ದೂರ ಅರ್ಧದಷ್ಟಕ್ಕೆ ಇಳಿಯುತ್ತದೆ ಎಂಬುದು ಅದರ ಮೇಲಿನ ದೊಡ್ಡ ದೂರಾಗಿತ್ತು. 2025ರ ಡಿಸೆಂಬರ್‌ನಲ್ಲಿ ಅದರ ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿದ ಸಂಸ್ಥೆ, ಮುಂದಿನ ಮಾದರಿಯಲ್ಲಿ ಬ್ಯಾಟರಿಯ ಜೊತೆಗೆ ಪೆಟ್ರೋಲ್ ಜನರೇಟರನ್ನೂ ಇಡುವುದಾಗಿ ಹೇಳಿತು.

ನೀತಿಯಲ್ಲಿ ಬಿಟ್ಟುಹೋದವರು

ವಿದ್ಯುತ್ ವಾಹನಗಳಿಗಾಗಿ 2017ರಲ್ಲಿ ದೇಶದಲ್ಲೇ ಮೊದಲು ನೀತಿ ರೂಪಿಸಿದ ಹೆಗ್ಗಳಿಕೆ ಕರ್ನಾಟಕದ್ದು. ಆದರೆ 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಆರಂಭಿಸಿದ 10,900 ಕೋಟಿ ರೂ.ಗಳ ಪಿಎಂ ಇ-ಡ್ರೈವ್ ಯೋಜನೆ ಒಂದೆಡೆ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೂ ಮತ್ತೊಂದೆಡೆ 3.5 ಟನ್ ಮೀರಿದ ಟ್ರಕ್ಕುಗಳಿಗೂ ಪ್ರೋತ್ಸಾಹಧನ ನೀಡಿತು. ನಡುವಿನ ಸಣ್ಣ ಪಿಕಪ್‌ಗೆ ಪಾಲು ಸಿಗಲಿಲ್ಲ. ಗೋದಾಮಿನಲ್ಲಿ ತಮ್ಮದೇ ಚಾರ್ಜಿಂಗ್ ವ್ಯವಸ್ಥೆ, ಗೊತ್ತುಪಡಿಸಿದ ದಾರಿ, ಅಗ್ಗದ ಸಾಲ ಹೊಂದಿರುವ ಆನ್‌ಲೈನ್ ವ್ಯಾಪಾರ ಸಂಸ್ಥೆಗಳಿಗೆ ಈ ಕೊರತೆ ತಟ್ಟದು. ತಟ್ಟುವುದು ಒಂದೇ ಗಾಡಿಯನ್ನು ನಂಬಿ ಬದುಕುವವನಿಗೆ.

ಹಳೆಯ ಡೀಸೆಲ್ ಗಾಡಿಗೆ ಮರುಮಾರಾಟದ ಬೆಲೆ ಎಷ್ಟೆಂದು ಯಾವ ಊರಿನ ಮೆಕ್ಯಾನಿಕ್ ಆದರೂ ಹೇಳಬಲ್ಲ. ಐದಾರು ವರ್ಷ ಓಡಿದ ವಿದ್ಯುತ್ ಗಾಡಿಯ ಬೆಲೆ ಅದರ ಬ್ಯಾಟರಿಯ ಆರೋಗ್ಯದ ಮೇಲೆ ನಿಂತಿದೆ; ಅದನ್ನು ಕಣ್ಣಳತೆಯಲ್ಲಿ ತಿಳಿಯಲಾಗದು. ಎಪಿಎಂಸಿ ಪ್ರಾಂಗಣಗಳಲ್ಲಿ ರಾತ್ರಿ ಚಾರ್ಜಿಂಗ್ ಸೌಲಭ್ಯ, ಹಳೆಯ ಬ್ಯಾಟರಿಗೆ ಅಧಿಕೃತ ಪ್ರಮಾಣಪತ್ರ, ಸ್ವಂತ ಗಾಡಿ ಓಡಿಸುವವರಿಗೆ ಬಡ್ಡಿಯಲ್ಲಿ ರಿಯಾಯಿತಿ - ಇವು ಸರ್ಕಾರ ಕೂಡಲೇ ಯೋಚಿಸಬೇಕಾದ ಕ್ರಮಗಳು.

ಅಲ್ಲಿಯವರೆಗೆ ಕೊಳ್ಳುವವರು ಒಂದು ಕೆಲಸ ಮಾಡಬಹುದು. ಹಳೆಯ ಗಾಡಿಯಲ್ಲೇ ಒಂದು ತಿಂಗಳು ದಿನದಿನದ ಓಟವನ್ನು ಬರೆದಿಡಲಿ. ದಿನವೂ 70ರಿಂದ 100 ಕಿ.ಮೀ. ಓಟವಿದ್ದು, ಮನೆ ಬಾಗಿಲಲ್ಲಿ ಸ್ವಂತ ಪ್ಲಗ್ ಇದ್ದರೆ ವಿದ್ಯುತ್ ಗಾಡಿ ಕೈಹಿಡಿಯುತ್ತದೆ. ಎರಡರಲ್ಲಿ ಒಂದು ಇಲ್ಲದಿದ್ದರೂ ಷೋರೂಂಗೆ ಹೋಗುವ ಮುನ್ನ ಮತ್ತೊಮ್ಮೆ ಯೋಚಿಸುವುದು ಒಳಿತು.